ಗಿಟಾರಿಗೆ ಲಾಕ್ ಕೂರಿಸಿದ ಮಧ್ಯಾಹ್ನ

ನಮ್ಮ ಮನೆಯಲ್ಲಿ ಗಿಟಾರ್ ನುಡಿಸುವವಳು ನನ್ನ ಹೆಂಡತಿ ಎಂಬುದನ್ನು ಮೊದಲಿಗೇ ತಿಳಿಸಬಯಸುತ್ತೇನೆ. ಸದರಿ ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಗಳನ್ನು ಹಿಡಿದಿರುವ ಬ್ರಿಡ್ಜ್ ಸ್ಪ್ರಿಂಗುಗಳ ಬಲದಿಂದ ಅಲುಗಾಡುವಂಥದ್ದು. ಹಿಂದೊಂದು ಆರತಕ್ಷತೆಯಲ್ಲಿ ಅವಳು ನುಡಿಸುತ್ತಿದ್ದಾಗ ಒಂದು ತಂತಿ ತುಂಡಾದೊಡನೆ ಬ್ರಿಡ್ಜ್ ವಾಲಿ, ಉಳಿದ ತಂತಿಗಳೆಲ್ಲ ಶ್ರುತಿ ತಪ್ಪಿ, ಹಾಡು ಅರ್ಧಕ್ಕೇ ನಿಂತಿತ್ತು. ನಾನು ಹೇಳಹೊರಟ ದಿನ ಸಂಜೆ ಬಂಗಾರಪೇಟೆಯಲ್ಲಿ ಮತ್ತೊಂದು ಆರತಕ್ಷತೆ ಇದ್ದ ಪ್ರಯುಕ್ತ, ಬ್ರಿಡ್ಜನ್ನು ಅಲುಗದಂತೆ ಹಿಡಿಯುವ ಲಾಕ್ ಅಳವಡಿಸುವ ಹೊಣೆ ನನ್ನ ಮೇಲೆ ಬಿದ್ದಿತು.

ನಾನು ಕಾರ್ಖಾನೆಯಲ್ಲಿ ಕಬ್ಬಿಣಕ್ಕೆ ಬೋಲ್ಟ್ ಬಿಗಿಯುವವನು. ಅದೇ ಅಭ್ಯಾಸದಂತೆ, ಕೊನೆಯ ಸ್ಕ್ರೂ ಬಿಗಿಯಾದ ಮೇಲೂ ಇನ್ನರ್ಧ ಸುತ್ತು ತಿರುಗಿಸಿದೆ. ಚಟ್ ಎಂದಿತು.

“ಏನ್ರೀ, ಇದೇನ್ ನಿಮ್ ಫ್ಯಾಕ್ಟ್ರಿ ಮಿಷನ್ನಾ? ಮರ ಸೀಳ್ಕೊಂಡೋಯ್ತಾ?” ಎಂದು ಅವಳು ಕೂಗಿದಳು.

ಸ್ಕ್ರೂ ಬಿಚ್ಚಿ ಟಾರ್ಚ್ ಹಿಡಿದು ನೋಡಲಾಗಿ, ಬಿರುಕು ಬಣ್ಣದ ಪದರಕ್ಕೆ ಮಾತ್ರ ಸೀಮಿತವಾಗಿರುವುದು ಕಂಡುಬಂದಿತು. ಈ ಬಾರಿ ಸ್ಕ್ರೂವನ್ನು ಬೆರಳ ಬಲದಲ್ಲಷ್ಟೇ ಕೂರಿಸಿದೆ. ಅವಳು ಬೇಕೆಂದೇ ಒಂದು ತಂತಿಯನ್ನು ಪೂರ್ತಿ ಸಡಿಲಿಸಿ ಉಳಿದವನ್ನು ಮೀಟಿದಳು. ಯಾವುದೂ ಶ್ರುತಿ ತಪ್ಪಿರಲಿಲ್ಲ.

“ಗಟ್ಟಿಯಾಗ್ ಕೂತೈತೆ ಕಣ್ರೀ! ಏಳಿ, ರೈಲ್ ಒಂಟೋಗ್ತದೆ.”

ಸ್ಕ್ರೂಡ್ರೈವರನ್ನು ಜೇಬಿನಲ್ಲಿಟ್ಟುಕೊಂಡೇ ಬಂಗಾರಪೇಟೆಗೆ ಹೋದೆ. ಕೊನೆಯ ಹಾಡು ಮುಗಿಯುವವರೆಗೂ ಅದರ ಅಗತ್ಯ ಬೀಳಲಿಲ್ಲವೆಂದು ಸಂತೋಷಪೂರ್ವಕವಾಗಿ ದಾಖಲಿಸುತ್ತೇನೆ.