ಮಾಮಾ ಎಂದ ತಪ್ಪಿಗೆ

ನನ್ನ ಗಂಡ ಮೊದಲು ನನಗೆ ಸೋದರಮಾವ, ಆಮೇಲೆ ಗಂಡ. ಕಾಗವಾಡದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಅವ್ವನ ತವರು ಗಡಿಯಾಚೆ, ಮಿರಜ್ ತಾಲೂಕಿನ ಒಂದು ಹಳ್ಳಿ. ಊರು ಮಹಾರಾಷ್ಟ್ರಕ್ಕೆ ಸೇರಿದ್ದರೂ ಮನೆಮಾತು ಕನ್ನಡವೇ. ಅವ್ವನ ಕಿರಿಯ ತಮ್ಮ ನನಗಿಂತ ಏಳೆಂಟು ವರ್ಷ ದೊಡ್ಡವನು. ಹಬ್ಬಕ್ಕೆ ಬಂದರೆ ನನಗೆ ಕಬ್ಬು ಸುಲಿದು ಕೊಡುತ್ತಿದ್ದ, ಜಡೆ ಎಳೆದು ಅಳಿಸುತ್ತಿದ್ದ. ನಾನು ಅವನನ್ನು ಮಾಮಾ ಅನ್ನುತ್ತಿದ್ದೆ. ನಮ್ಮೂರ ಬಸದಿಯ ಮುಂದೆ ಚಪ್ಪರ ಹಾಕಿ ಮದುವೆ ಮಾಡಿದ ಮೇಲೂ ಮಾಮಾ ಎಂದೇ ಕರೆದೆ. ಗಂಡನ ಹೆಸರು ಹೇಳುವಂತಿಲ್ಲವಲ್ಲ, ನನಗೆ ಅದೊಂದು ಅನುಕೂಲವೇ ಆಯಿತು.

ಮದುವೆಯಾಗಿ ಒಂದು ವರ್ಷ ತುಂಬುವ ಮೊದಲೇ ಮಾಮಾ ಹೊರಟ, ನಾನು ಕಾಗವಾಡಕ್ಕೆ ಅವ್ವನ ಬಳಿ ವಾಪಸು ಬಂದೆ. ಅದು ಎಂಬತ್ತರ ದಶಕದ ನಡುಭಾಗ. ತಾಸಗಾಂವ ಕಡೆ ದ್ರಾಕ್ಷಿ ತೋಟಗಳಲ್ಲಿ ಬಳ್ಳಿ ಸವರುವ ಕೆಲಸ ಕಲಿತಿದ್ದ. ಅದನ್ನು ನಾವು ಚಾಟಣಿ ಅನ್ನುತ್ತೇವೆ. ಮುಂಬಯಿಯ ಏಜೆಂಟನೊಬ್ಬ ದುಬೈಗೆ ಕಳಿಸುತ್ತಾನೆ ಎಂದು ನಮಗೆ ಹೇಳಿ ಹೋದ. ಮರಳುಗಾಡಿನಲ್ಲಿ ಯಾವ ದ್ರಾಕ್ಷಿ ಸವರುತ್ತಾನೆ ಎಂದು ಕೇಳುವ ಬುದ್ಧಿ ಮನೆಯಲ್ಲಿ ಯಾರಿಗೂ ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ಸುದ್ದಿ ಬಂತು. ಮಾಮಾ ಇರುವುದು ಅಮೆರಿಕದಲ್ಲಂತೆ. ಮೆಕ್ಸಿಕೊದಿಂದ ಪಂಜಾಬಿಗಳ ಗುಂಪಿನ ಜೊತೆ ನಡೆದು ಗಡಿ ದಾಟಿದನಂತೆ. ನಾವು ದಿನಾ ಬೆಳಗಾದರೆ ಗಡಿ ದಾಟುವವರೇ. ಮಿರಜ್‌ಗೆ ಸಂತೆಗೆ ಹೋಗುತ್ತೇವೆ, ಆಸ್ಪತ್ರೆಗೆ ಹೋಗುತ್ತೇವೆ. ಗಡಿ ದಾಟುವುದು ಅಪರಾಧವೂ ಆಗಬಹುದು ಎಂದು ನನಗೆ ಆಗಲೇ ತಿಳಿದದ್ದು.

ಅವನು ಕಳ್ಳದಾರಿಯಲ್ಲಿ ಹೋದದ್ದಕ್ಕಿಂತ ನಮಗೆ ಸುಳ್ಳು ಹೇಳಿ ಹೋದದ್ದು ನನ್ನನ್ನು ಹೆಚ್ಚು ಕಾಡಿತು. ಒಂದು ಸುಳ್ಳು ಹೇಳಿದವನು ಇನ್ನೆಷ್ಟು ಹೇಳಿರಬಹುದು? ಬಾವಿಕಟ್ಟೆಯಲ್ಲಿ ಹೆಂಗಸರು ನನ್ನ ಮುಖ ನೋಡಿದ ಕೂಡಲೇ ಮಾತು ಬದಲಿಸುತ್ತಿದ್ದರು. ಅಲ್ಲಿ ಬಿಳಿ ಹೆಂಗಸನ್ನು ಇಟ್ಟುಕೊಂಡಿದ್ದಾನೆ ಎಂದು ಒಬ್ಬಳು, ಮಗುವೂ ಆಗಿದೆ ಎಂದು ಇನ್ನೊಬ್ಬಳು. ಅವನೊಂದು ಫೋಟೊ ಕಳಿಸಿದ್ದ. ಸಾಲು ಸಾಲು ದ್ರಾಕ್ಷಿ ಬಳ್ಳಿಗಳ ಮುಂದೆ ಪ್ಯಾಂಟು ಹಾಕಿಕೊಂಡು ನಿಂತಿದ್ದ. ಫೋಟೊದ ಒಂದು ಅಂಚನ್ನು ಕತ್ತರಿಯಿಂದ ಕತ್ತರಿಸಿದ್ದರು. ಅವನ ಹೆಗಲ ಮೇಲೆ ಯಾರದೋ ನಾಲ್ಕು ಬೆರಳು ಉಳಿದಿದ್ದವು. ಆ ಬೆರಳುಗಳನ್ನು ನಾನು ಎಷ್ಟು ಸಲ ನೋಡಿದೆನೋ! ಗಂಡಸಿನ ಬೆರಳು ಅನ್ನಿಸಿದರೆ ಊಟ ಸೇರುತ್ತಿತ್ತು, ಹೆಣ್ಣಿನವು ಅನ್ನಿಸಿದ ದಿನ ಅವ್ವನ ಮೇಲೆ ಹರಿಹಾಯುತ್ತಿದ್ದೆ. ಅವಳ ತಮ್ಮನಲ್ಲವೇ?

ಮುಂದೆ ಅಲ್ಲಿಯ ಸರಕಾರವೇ ಹೊಲ ತೋಟಗಳಲ್ಲಿ ದುಡಿದ ಇಂಥವರಿಗೆ ಅಲ್ಲೇ ಉಳಿಯಲು ಕಾಗದ ಕೊಡುವ ಕಾಯಿದೆ ಮಾಡಿತು. ಮಾಮಾಗೂ ಕಾಗದ ಸಿಕ್ಕಿತು. ಹೆಂಡತಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ. ಅದರ ಸರದಿ ಬರುವ ಹೊತ್ತಿಗೆ ತೊಂಬತ್ತರ ದಶಕ ಶುರುವಾಗಿ ಕಾಗವಾಡಕ್ಕೂ ಎಸ್‌ಟಿಡಿ ಬೂತು ಬಂದಿತ್ತು. ಬೂತಿನ ಗಾಜಿನೊಳಗೆ ನಿಂತು ನಾನು ಮೊದಲು ಕೇಳಿದ್ದು ಆ ಬೆರಳುಗಳ ವಿಷಯ. ಜೊತೆಗಿದ್ದ ಪಂಜಾಬಿಗೆ ಇನ್ನೂ ಕಾಗದ ಸಿಕ್ಕಿರಲಿಲ್ಲ, ತನ್ನ ಮುಖ ಎಲ್ಲಿಗೂ ಹೋಗಬಾರದು ಎಂದು ಅವನೇ ಕತ್ತರಿಸಿದ ಅಂದ. ನಂಬಬಹುದಾದ ಮಾತೇ. ಆದರೂ ಅರ್ಧ ನಂಬಿದೆ, ಅರ್ಧ ಬಿಟ್ಟೆ.

ನನ್ನ ಗಂಡನ ಮನೆ ಮಹಾರಾಷ್ಟ್ರದಲ್ಲಿದ್ದುದರಿಂದ ವೀಸಾದ ಸಂದರ್ಶನಕ್ಕೆ ಮುಂಬಯಿಯ ಅಮೆರಿಕನ್ ಕಚೇರಿಯಿಂದ ಕರೆ ಬಂತು. ಅಥಣಿಯ ವಕೀಲರೊಬ್ಬರು ಒಂದೇ ಬುದ್ಧಿ ಹೇಳಿದರು. ಅಲ್ಲಿಯವರು ಸುಳ್ಳನ್ನು ವಾಸನೆಯಿಂದಲೇ ಹಿಡಿಯುತ್ತಾರೆ, ಇದ್ದದ್ದನ್ನು ಇದ್ದ ಹಾಗೆ ಹೇಳು, ಒಂದು ಸುಳ್ಳು ಸಿಕ್ಕರೆ ಅವನ ಕಾಗದವೂ ಹೋದೀತು ಎಂದು. ಅವ್ವ ಮತ್ತು ನಾನು ಮಿರಜ್‌ನಲ್ಲಿ ರೈಲು ಹತ್ತಿದೆವು. ದಾರಿಯುದ್ದಕ್ಕೂ ಅವ್ವ ಅದನ್ನೇ ಹೇಳಿದಳು. "ಖರೇ ಹೇಳು. ನಮ್ಮದೇನು ಮುಚ್ಚಿಡೂದೈತಿ?"

ನಾನು ಖರೇ ಹೇಳಿದೆ. ಕಿಟಕಿಯಾಚೆ ಬಿಳಿಯ ಅಧಿಕಾರಿ, ಅವನ ಪಕ್ಕದಲ್ಲಿ ಅವನ ಮಾತನ್ನು ಮರಾಠಿಗೆ ತಿರುಗಿಸುವ ಮುಂಬಯಿಯ ಹೆಂಗಸು, ಅಲ್ಲಿಯವರು ಕರೆಯುವ ಹಾಗೆ ಬಾಯಿ. ನನಗೆ ಮರಾಠಿ ಬರುತ್ತಿತ್ತು, ಸಂತೆಯ ಮರಾಠಿ. ಗಂಡ ಹೋಗುವ ಮುಂಚೆ ಏನು ಹೇಳಿ ಹೋದ ಎಂದು ಕೇಳಿದರು. ಮಾಮಾ ದುಬೈ ಅಂದಿದ್ದ, ಅಂದೆ. ಯಾವ ಮಾಮಾ ಎಂದು ಕೇಳಿದಳು. ನನ್ನ ಗಂಡ, ಅಂದೆ. ಗಂಡನಿಗೆ ಅಕ್ಕತಂಗಿಯರು ಇದ್ದಾರೆಯೇ? ಒಬ್ಬ ಅಕ್ಕ ಇದ್ದಾಳೆ. ಎಲ್ಲಿದ್ದಾಳೆ? ಹೊರಗೆ ಕೂತಿದ್ದಾಳೆ, ನಮ್ಮ ಅವ್ವ. ಅತ್ತೆ? ಅವರು ನನ್ನ ಅಜ್ಜಿ. ಒಂದೊಂದು ಉತ್ತರಕ್ಕೂ ಆ ಬಾಯಿಯ ಹುಬ್ಬು ಮೇಲೇರಿತು. ಮರಾಠಿಯವರಲ್ಲಿ ಮಾಮಾನ ಮಗಳನ್ನು ತಂದುಕೊಂಡಾರು, ಮಾಮಾ ಮಾತ್ರ ತಂದೆಯ ಸಮಾನ. ಅವಳು ಅಧಿಕಾರಿಗೆ ಏನು ಹೇಳಿದಳೋ, ಅವನು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದ. ಕಳ್ಳನನ್ನು ನೋಡಿದ ಹಾಗೆ ನೋಡಿದ ಎಂದರೆ ತಪ್ಪಲ್ಲ. ಅಕ್ಕನ ಮಗಳನ್ನು ಹೆಂಡತಿ ಎಂದು ತೋರಿಸಿ ಕರೆಸಿಕೊಳ್ಳುವ ಹೂಟ ಇದು, ಅವನಿಗೆ ಬಂದ ಸಂಶಯ ಅದು. ಕದ್ದು ಗಡಿ ದಾಟಿದವನು ಇದನ್ನೂ ಮಾಡಲಾರನೇ? ಇಂಥ ಮದುವೆ ನಿಮ್ಮಲ್ಲಿ ಪದ್ಧತಿಯೇ ಆಗಿದ್ದರೆ ಹಿರಿಯರಿಂದ ಬರೆಸಿಕೊಂಡು ಬಾ ಎಂದು ವಾಪಸು ಕಳಿಸಿದರು.

ಹೊರಗೆ ಬಂದಾಗ ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂದಿತ್ತು. ಹುಟ್ಟಿದಾಗಿನಿಂದ ಬಾಯಿಗೆ ರೂಢಿಯಾದ ಒಂದು ಮಾತು, ಅಲ್ಲಿ ಗುನ್ಹೆಯಾಗಿ ನಿಂತಿತ್ತು.

ಬರೆದು ಕೊಡುವ ಹಿರಿಯರಿಗೆ ಬರವೇ ಎಂದುಕೊಂಡಿದ್ದೆವು. ರಾಯಬಾಗದ ಕಾಕಾ ಸ್ವತಃ ಅಕ್ಕನ ಮಗಳನ್ನೇ ಮಾಡಿಕೊಂಡವರು. ಅವರ ಹೆಂಡತಿ ಕಾಕು ಚಹಾ ತಂದು ಇಟ್ಟರು. ಕಾಕಾ ಚಹಾ ಕುಡಿದರು, ಸಹಿ ಮಾಡಲಿಲ್ಲ. "ಇದು ಈಗ ಗುನ್ಹೇ ಆಗೇತೇನವಾ? ಸಹಿ ಮಾಡಿದ್ರ ನನ್ನ ಬುಡಕ್ಕ ಬರೂದಿಲ್ಲಲ್ಲ?" ಎಂದು ಕೇಳಿದರು. ನಿಪ್ಪಾಣಿಯಲ್ಲಿ ತಂಬಾಕು ವ್ಯಾಪಾರ ಮಾಡುವ ಬೀಗರು ಅಮೆರಿಕಕ್ಕೂ ನಮ್ಮ ಲಗ್ನಕ್ಕೂ ಏನು ಸಂಬಂಧ, ಇದರಲ್ಲಿ ಇನ್‌ಕಮ್ ಟ್ಯಾಕ್ಸಿನವರ ಕೈ ಇರಬೇಕು ಅಂದರು. ಚಿಕ್ಕೋಡಿಯಲ್ಲಿ ಒಬ್ಬರು ಮನೆಯಲ್ಲಿದ್ದೂ ಇಲ್ಲ ಎಂದು ಹೇಳಿಸಿದರು. ಎಲ್ಲರ ಮನೆಯಲ್ಲಿಯೂ ಇದ್ದ ವಿಷಯವೇ, ಕಾಗದದ ಮೇಲೆ ಮಾತ್ರ ಯಾರಿಗೂ ಬೇಡ. ಕೊನೆಗೆ ನಮ್ಮ ಮದುವೆ ಮಾಡಿಸಿದ ಬಸದಿಯ ಉಪಾಧ್ಯರು ಅಥಣಿಗೆ ಬಂದು ನೋಟರಿಯ ಮುಂದೆ ಸಹಿ ಹಾಕಿದರು. ಆ ಮುದುಕರಿಗೆ ನಾನು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೊಟ್ಟೆ. ಅಷ್ಟನ್ನು ಬಿಟ್ಟರೆ ನನ್ನಿಂದ ಇನ್ನೇನೂ ಆಗಲಿಲ್ಲ.

ಈ ಓಡಾಟದಲ್ಲಿ ಆ ಬಾಯಿಯ ಹುಬ್ಬು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. ಅವಳಿಗೆ ಅಷ್ಟು ಅಸಹ್ಯವಾಗುವಂಥದ್ದು ನನಗೇಕೆ ಒಮ್ಮೆಯೂ ವಿಚಿತ್ರ ಅನ್ನಿಸಲಿಲ್ಲ? ಎರಡನೆಯ ಸಂದರ್ಶನಕ್ಕೆ ಮುಂಚೆ ಬೂತಿಗೆ ಹೋಗಿ ಮಾಮಾನಿಗೆ ಎಲ್ಲವನ್ನೂ ಹೇಳಿದೆ. ಎಲ್ಲ ಕೇಳಿ ಅವನು ಅಂದ, "ನಿನಗ ಬರೂದು ಬ್ಯಾಡಾಗಿದ್ರ ಹೇಳು. ನಾ ಜೋರ ಮಾಡಾಂವ ಅಲ್ಲ."

ನನಗೆ ಮೈಯೆಲ್ಲ ಉರಿಯಿತು. ನಾನು ಬರುವುದು ಇವನಿಗೇ ಬೇಡವಾಗಿದೆ, ಅದನ್ನು ನನ್ನ ಬಾಯಿಂದ ಹೇಳಿಸುತ್ತಿದ್ದಾನೆ ಎಂದುಕೊಂಡೆ. ಫೋನು ಕುಕ್ಕಿ ಮನೆಗೆ ಬಂದೆ. ಆ ಮಾತಿಗೆ ಇನ್ನೊಂದು ಅರ್ಥವೂ ಇರಬಹುದು ಎಂದು ಹೊಳೆದದ್ದು ಎರಡು ದಿನ ಬಿಟ್ಟು, ಜೋಳದ ಹಿಟ್ಟು ನಾದುವಾಗ. ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಬೇಕೋ ಬೇಡವೋ ಎಂದು ಕೇಳಿದವರಲ್ಲ. ಅದಕ್ಕೇ ಕೇಳಿಸಿಕೊಂಡಾಗ ಗುರುತು ಸಿಗಲಿಲ್ಲ.

ಎರಡನೆಯ ಸಲ ಅಧಿಕಾರಿ ಬೇರೆ, ಬಾಯಿ ಮಾತ್ರ ಅವಳೇ. ಉಪಾಧ್ಯರ ಕಾಗದ ಓದಿದರು, ಮದುವೆಯ ಫೋಟೊ ತಿರುಗಿಸಿ ತಿರುಗಿಸಿ ನೋಡಿದರು. ಅಧಿಕಾರಿ ಏನೋ ಕೇಳಿದ. ಬಾಯಿ ಅದನ್ನು ಮರಾಠಿಯಲ್ಲಿ ನಿಧಾನವಾಗಿ ಹೇಳಿದಳು.

"ಯಾ ಲಗ್ನಾಲಾ ತುಮಚಿ ಮರ್ಜಿ ಹೋತಿ ಕಾ?"

ಈ ಮದುವೆಗೆ ನಿಮ್ಮ ಮರ್ಜಿ ಇತ್ತೇ ಎಂದು. ಮರ್ಜಿ ನಮ್ಮ ಕನ್ನಡದಲ್ಲೂ ಇರುವ ಮಾತೇ. ಆದರೆ ನಮ್ಮಲ್ಲಿ ಮರ್ಜಿ ಇರುವುದು ಅಪ್ಪನಿಗೆ, ಅತ್ತೆಗೆ, ಸಾಹೇಬರಿಗೆ. ಅದನ್ನು ಕಾಯುವುದು ನಮ್ಮ ಕೆಲಸ. ಆ ಮದುವೆಯಲ್ಲಿ ನನಗೂ ಒಂದು ಮರ್ಜಿ ಇದ್ದಿರಬಹುದು ಎಂದು ಕೇಳಿದ ಮೊದಲ ಮನುಷ್ಯ, ನನ್ನನ್ನು ಸುಳ್ಳಿಯೆಂದು ಹಿಡಿಯಲು ಕೂತಿದ್ದ ಆ ಪರದೇಶಿ. ಇತ್ತು ಅಂದರೆ ವೀಸಾ, ಇಲ್ಲ ಅಂದರೆ ಎಲ್ಲವೂ ಅಲ್ಲಿಗೇ ಮುಗಿಯಿತು. ಖರೇ ಹೇಳು ಎಂದು ಕಳಿಸಿದ್ದರು. ಖರೇ ಯಾವುದು ಎಂದು ನಾನು ಆ ಕಿಟಕಿಯ ಮುಂದೆ ನಿಂತು ಹುಡುಕಿದೆ. ಕಬ್ಬು ಸುಲಿದು ಕೊಟ್ಟವನು, ಸುಳ್ಳು ಹೇಳಿ ಹೋದವನು, ಜೋರ ಮಾಡಾಂವ ಅಲ್ಲ ಅಂದವನು, ಮೂವರೂ ಒಬ್ಬನೇ. ಅವನು ನನಗೆ ಬೇಕೇ?

"ಆಹೇ," ಅಂದೆ. ಇದೆ ಎಂದು.

ಬಾಯಿ ನನ್ನ ಮರಾಠಿ ತಪ್ಪಿತು ಎಂದುಕೊಂಡಳು. "ಹೋತಿ?" ಎಂದು ತಿದ್ದಿದಳು. ಇತ್ತೇ, ಎಂದು.

"ಆಹೇ," ಅಂದೆ ಮತ್ತೆ. ಅವಳು ಮತ್ತೆ ತಿದ್ದದೆ, ಅಧಿಕಾರಿಯ ಕಡೆ ತಿರುಗಿ ಚಿಕ್ಕದಾಗಿ ಹೌದು ಅಂದಳು. ಅವನು ಬರೆದುಕೊಂಡ. ವೀಸಾ ಆಗಿದೆ, ಪಾಸ್‌ಪೋರ್ಟನ್ನು ಸಂಜೆ ಬಂದು ಒಯ್ಯಿ ಅಂದರು.

ಹೊರಗಿನ ಫುಟ್‌ಪಾತಿನಲ್ಲಿ ಅವ್ವ ಬುತ್ತಿಯ ಗಂಟು ಬಿಚ್ಚಿಕೊಂಡು ಕಾಯುತ್ತಿದ್ದಳು. ಏನು ಕೇಳಿದರು, ಏನು ಹೇಳಿದಿ ಎಂದು ಒಂದೊಂದೇ ಕೇಳಿದಳು. ಎಲ್ಲ ಹೇಳಿದೆ, ಆ ಮಾತನ್ನೂ ಹೇಳಿದೆ. ಅವ್ವ ಮರಾಠಿ ಊರಲ್ಲಿ ಹುಟ್ಟಿ ಬೆಳೆದವಳು, ತಪ್ಪು ಕೂಡಲೇ ಹಿಡಿದಳು.

"ಆಹೇ ಅಂದ್ರ ಹೆಂಗ? ಹೋತಿ ಅನಬೇಕಿತ್ತು. ಅವರಿಗೆ ಮತ್ತ ಸಂಶೇ ಬಂದಿದ್ರ?"

"ಆವಾಗ ಹೋತಿ ಅಂತ ನೀ ಹೇಳತೀಯೇನ ಅವ್ವಾ?"

ಅವ್ವ ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿದಳು. ಕೇಳಿದವರಿಗೆಲ್ಲ ಈ ಮದುವೆ ಎಲ್ಲರ ಖುಷಿಯಿಂದ ಆದದ್ದು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದವಳು ಅವಳು. ಈಗಲೂ ಹೇಳುತ್ತಾಳೆ ಎಂದು ನಾನು ಕಾಯುತ್ತ ಕೂತೆ. ಅವ್ವ ಹೇಳಲಿಲ್ಲ.