ಒಳ್ಳೇದಕ್ಕೋ, ಕೆಟ್ಟದ್ದಕ್ಕೋ?

ನಮ್ಮ ಕಚೇರಿಯ ಟಪಾಲು ಗುಮಾಸ್ತರಿಗೆ ಹಾವು ಕಂಡರೆ ಭಯವಿಲ್ಲ, ಸಾಹೇಬರನ್ನು ಕಂಡರೂ ಅಷ್ಟಕ್ಕಷ್ಟೇ. ಅವರ ಎದೆ ಢವಗುಟ್ಟುವುದು ಇಂಗ್ಲಿಷಿನ ಸಣ್ಣಪುಟ್ಟ ಪದಗಳಿಗೆ. ದೊಡ್ಡ ಪದಗಳಿಗೆ ಒಂದೇ ಅರ್ಥ, ನಂಬಬಹುದು, ದಿನಬಳಕೆಯ ಈ ಚಿಕ್ಕವೇ ಮನೆಮುರುಕ ಪದಗಳು ಎಂಬುದು ಅವರ ಸಿದ್ಧಾಂತ. ಯಾರಾದರೂ 'ಚಾರ್ಜ್' ಎಂದರೆ ಸಾಕು, ಅದು ಫೋನಿನದೋ, ಬಸ್ಸಿನದೋ, ತಮ್ಮ ಮೇಲೆ ಹೊರಿಸಿದ್ದೋ ಎಂದು ಗೊತ್ತಾಗುವ ತನಕ ಕುರ್ಚಿಯಲ್ಲಿ ಕೂರುವುದಿಲ್ಲ. 'ಪಾಸಿಟಿವ್ ಬಂತು' ಎಂದು ಪಕ್ಕದ ಮೇಜಿನಾಕೆ ನಾಚುತ್ತ ಸಿಹಿ ಕೊಟ್ಟಾಗ ಯಾವುದೋ ರೋಗವೆಂದುಕೊಂಡು ಆ ಬಸುರಿಯ ಮುಂದೆಯೇ ಕಣ್ಣೊರೆಸಿಕೊಂಡಿದ್ದರು. ಸಾಹೇಬರು ಬೆನ್ನು ತಟ್ಟಿ 'ಫೈನ್' ಎಂದ ದಿನ, ದಂಡ ಎಷ್ಟೆಂದು ಕೇಳಲು ಅವರ ಕೋಣೆಯ ಹೊರಗೆ ಊಟ ಬಿಟ್ಟು ಕಾದಿದ್ದರು. ಯಾವ ಮಾತು ಕಿವಿಗೆ ಬಿದ್ದರೂ ಬೆವರೊರೆಸುತ್ತ ಕೇಳುವುದು ಒಂದೇ ಪ್ರಶ್ನೆ: "ಒಳ್ಳೇದಕ್ಕೋ, ಕೆಟ್ಟದ್ದಕ್ಕೋ?" ನಾವೇನು ಬಿಡುವವರೇ, ಕಾಫಿ ತಂದಿಟ್ಟರೂ ಕಿಟಕಿ ತೆರೆದರೂ ಅದನ್ನೇ ಕೇಳಿ ನಗುತ್ತಿದ್ದೆವು. ಮೊನ್ನೆ ಅವರು ಕೈತುಂಬ ಗೋಂದು ಮಾಡಿಕೊಂಡು ಲಕೋಟೆ ಅಂಟಿಸುತ್ತಿದ್ದಾಗ, ಮದುವೆಯಾಗಿ ದೂರದ ಊರು ಸೇರಿದ ಮಗಳ ಫೋನು ಬಂತು; ನಾನೇ ಗುಂಡಿ ಒತ್ತಿ ಸ್ಪೀಕರಿಗೆ ಹಾಕಿದೆ. "ಹೇಗಿದ್ದೀಯಮ್ಮಾ?" ಎಂದರು. "ಫೈನ್ ಅಪ್ಪಾ" ಎಂದಳು. ಗುಮಾಸ್ತರ ಕೈ ಲಕೋಟೆಯ ಮೇಲೆಯೇ ನಿಂತಿತು. "ಒಳ್ಳೇದಕ್ಕೋ, ಕೆಟ್ಟದ್ದಕ್ಕೋ?" ನಾವೆಲ್ಲ ನಗಲು ಬಾಯಿ ತೆರೆದೆವು. ಆ ಕಡೆಯಿಂದ ಮೆಲ್ಲಗೆ ಚಿಲಕ ಹಾಕಿಕೊಂಡ ಸದ್ದು, ಆಮೇಲೆ ಒಂದು ಪಿಸುದನಿ: "ಅಪ್ಪಾ, ಈವತ್ತೇ ಬಂದು ನನ್ನ ಕರ್ಕೊಂಡು ಹೋಗು."