ಘಟ್ಟದ ಮೇಲೆ ಅನ್ನ ಹಾಕಿದವಳು

ನನ್ನ ಮುಂದಲೆಯಲ್ಲಿ, ಬೈತಲೆ ಶುರುವಾಗುವ ಕಡೆ, ಹುಟ್ಟಿದಾಗಿನಿಂದಲೂ ಬಿಳಿ ಕೂದಲಿನ ಒಂದು ಗೊಂಚಲಿದೆ. ಅಪ್ಪನಿಗೂ ಇತ್ತು, ಅಪ್ಪನ ಅಪ್ಪನಾದ ನಮ್ಮ ತಾತನಿಗೂ ಇತ್ತು. ಗಂಡಸರಿಗೆ ಅದು ಬರಿಯ ಗುರುತು. ಹೆಣ್ಣಾದ ನನಗೆ ಮಾತ್ರ ಅದು ಬಚ್ಚಿಡಬೇಕಾದ ವಸ್ತು. ತಲೆಗೆ ನೀರು ಹಾಕಿದ ದಿನ ಅವ್ವ ತಪ್ಪದೆ ಅದಕ್ಕೆ ಕಾಡಿಗೆ ಬಳಿಯುತ್ತಿದ್ದಳು.

"ನಿಮ್ಮ ತಾತನ್ನ ಹೆತ್ತೋಳಿಗೂ ಹಿಂಗೇ ಇತ್ತಂತೆ," ಎನ್ನುತ್ತಿದ್ದಳು. "ಗಂಡನ್ನ ನುಂಗ್ಕೊಂಡು ಆಮೇಲೆ ತಾನೂ ಹೊಳೆಗೆ ಬಿದ್ಲು. ಆ ಹೆಸ್ರು ನಿಂಗ್ಯಾಕೆ?"

ನನ್ನ ಮುತ್ತಜ್ಜಿಯ ಬಗ್ಗೆ ಮನೆಯಲ್ಲಿ ಉಳಿದಿದ್ದದ್ದು ಇಷ್ಟೇ ಮಾತು. ನಮ್ಮೂರು ಇರುವುದು ಆಲೂರು ತಾಲ್ಲೂಕಿನಲ್ಲಿ, ಕೆ. ಹೊಸಕೋಟೆಯಿಂದ ಸ್ವಲ್ಪ ಒಳಕ್ಕೆ. ರಾಗಿ, ಮೆಣಸಿನಕಾಯಿ, ಇಳಿಜಾರಿನಲ್ಲಿ ಒಂದಿಷ್ಟು ಕಾಫಿ. ತಾತ ಇನ್ನೂ ತೊದಲು ಮಾತಾಡುವ ಮಗುವಾಗಿದ್ದಾಗ ಅವನ ಅಪ್ಪ ಜ್ವರದಲ್ಲಿ ತೀರಿಕೊಂಡ. ಅದೇ ವರ್ಷ ತಾಯಿ ಹೊಳೆಗೆ ಹಾರಿಕೊಂಡಳು. ಊರ ಯಜಮಾನನಾಗಿದ್ದ ದೊಡ್ಡಪ್ಪ ಅವನನ್ನು ಸಾಕಿದ. ಒಡಹುಟ್ಟಿದವರು ಯಾರೂ ಇರಲಿಲ್ಲ. ತಾತನಿಗೆ ಮಾತು ಕಡಿಮೆ. ಒಮ್ಮೆ ಮಾತ್ರ, ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ, ಹೊಲದ ಬದುವಿನ ಮೇಲೆ ಕೂತಿದ್ದಾಗ ತಾನಾಗಿಯೇ ಹೇಳಿದ್ದ: "ನನ್ನ ಮುಖ ನೋಡಿಯಾದ್ರೂ ಉಳ್ಕೊಬೋದಿತ್ತು ನಮ್ಮವ್ವ. ಅಷ್ಟೂ ಬ್ಯಾಡವಾಗಿದ್ನಾ ನಾನು?"

ಎಂಬತ್ತರ ಹತ್ತಿರ ಬಂದಿದ್ದ ಮನುಷ್ಯ ಕೇಳುವ ಪ್ರಶ್ನೆಯೇ ಅದು ಎಂದು ನನಗೆ ಸಂಕಟವಾಗಿತ್ತು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನನಗೆ ಮದುವೆಯಾಗಿ ಸಕಲೇಶಪುರದಲ್ಲಿ ಮನೆ ಮಾಡಿದ್ದೆ. ಮಾರನಹಳ್ಳಿ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಲಸ. ಶಿರಾಡಿ ಘಟ್ಟ ಹತ್ತಿ ಬರುವ ಟ್ಯಾಂಕರುಗಳ ಸದ್ದಿಗೆ ಮಗ್ಗಿ ಹೇಳಿಸುವುದನ್ನು ನಡುನಡುವೆ ನಿಲ್ಲಿಸಬೇಕಾಗುತ್ತಿತ್ತು. ಕಾಡಿಗೆಯ ಜಾಗಕ್ಕೆ ಆಗ ಡೈ ಬಂದಿತ್ತು. ಒಂದು ಸಲ ಆ ಡೈ ಒಗ್ಗದೆ ಹಣೆಯೆಲ್ಲ ಊದಿಕೊಂಡಿತು. ಇನ್ನು ಮುಟ್ಟಲೇಬೇಡಿ ಎಂದರು ಡಾಕ್ಟರು. ತಿಂಗಳೊಳಗೆ ಬಿಳಿ ಗೊಂಚಲು ಪೂರ್ತಿ ಹೊರಗೆ ಬಂತು. ಹಾಗೇ ಶಾಲೆಗೆ ಹೋಗತೊಡಗಿದೆ.

ಮೊಮ್ಮಗಳನ್ನು ಬಿಡಲು ಬರುತ್ತಿದ್ದ ಒಬ್ಬರು ಮುದುಕರು ಒಂದು ಬೆಳಿಗ್ಗೆ ಗೇಟಿನ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದರು. ಮಕ್ಕಳೆಲ್ಲ ಒಳಗೆ ಹೋದ ಮೇಲೆ ಹತ್ತಿರ ಬಂದರು.

"ತಪ್ಪು ತಿಳ್ಕೋಬ್ಯಾಡಿ ಟೀಚರಮ್ಮ. ಈ ಬಿಳಿಕೂದ್ಲು ನಿಮಗೆ ಹುಟ್ತಲೇ ಬಂದಿದ್ದಾ?"

"ಹೌದು. ಯಾಕೆ?"

"ಹಂಗಾದ್ರೆ ನೀವು ನಮ್ಮ ಊಟದ ಮನೆ ಅವ್ವನ ಕಡೆಯೋರೇ ಇರ್ಬೇಕು. ಅವ್ವನಿಗೂ ಇದೇ ಜಾಗದಲ್ಲಿ, ಹಿಂಗೇ ಇತ್ತು."

ನನಗೆ ಏನೂ ಅರ್ಥವಾಗಲಿಲ್ಲ. ಅವರನ್ನು ಜಗಲಿಯ ಮೇಲೆ ಕೂರಿಸಿ ಕೇಳಿದೆ. ಲಾರಿಗಳು ಬರುವ ಮುಂಚೆ ಘಟ್ಟದಲ್ಲಿ ಎತ್ತಿನ ಗಾಡಿಗಳು ಓಡಾಡುತ್ತಿದ್ದವಂತೆ. ಇಲ್ಲಿಂದ ಏಲಕ್ಕಿ, ಕಾಫಿ ಕೆಳಕ್ಕೆ; ಅಲ್ಲಿಂದ ಉಪ್ಪು, ತೆಂಗಿನಕಾಯಿ ಮೇಲಕ್ಕೆ. ಈ ಮುದುಕರು ಚಿಕ್ಕವರಿದ್ದಾಗ ತಂದೆಯ ಗಾಡಿಯಲ್ಲಿ ಕೂತು ಹೋಗಿ ಬರುತ್ತಿದ್ದರು. ಘಟ್ಟ ಹತ್ತಿ ಎತ್ತುಗಳು ಬಾಯಲ್ಲಿ ನೊರೆ ಸುರಿಸುವಾಗ ಎಲ್ಲರೂ ನೊಗ ಇಳಿಸುತ್ತಿದ್ದುದು ಮಾರನಹಳ್ಳಿಯಲ್ಲಿ. ಅಲ್ಲಿ ಹೆಂಗಸೊಬ್ಬಳು ಹುಲ್ಲಿನ ಮಾಡು ಕಟ್ಟಿಕೊಂಡು ಊಟದ ಮನೆ ನಡೆಸುತ್ತಿದ್ದಳು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಗಾಡಿಯವರಲ್ಲಿ ಎಂಥ ಒರಟನೂ ಅವಳ ಮುಂದೆ ದನಿ ಎತ್ತುತ್ತಿರಲಿಲ್ಲ.

"ಮುದ್ದೆ, ಹುರುಳಿ ಸಾರು. ಆಹಾ, ಆ ಸಾರು!" ಎಂದರು ಮುದುಕರು. "ಆದ್ರೆ ಗಾಡೀಲಿ ಮಗು ಇದ್ರೆ, ಯಾರ ಮನೆ ಮಗುವಾದ್ರೂ ಸೈ, ಮೊದ್ಲು ಅದಕ್ಕೆ ಹಾಲು ಅನ್ನ ಉಣ್ಸೋಳು. ತಾನೇ ಕಲ್ಸಿ, ತಾನೇ ತುತ್ತು ಮಾಡಿ. ನಾನೂ ತಿಂದಿದೀನಿ."

"ಯಾವೂರಿನವರು ಅವರು?"

"ಆಲೂರು ಕಡೆಯೋಳು ಅಂತಿದ್ರು. ಗಂಡನೂ ಮಗನೂ ಒಂದೇ ವರ್ಷದಲ್ಲಿ ಹೋಗ್ಬುಟ್ರಂತೆ ಪಾಪ."

ಮಗನೂ ಸತ್ತಿದ್ದರೆ ಅವಳು ನಮ್ಮವಳಲ್ಲ ಎಂದುಕೊಂಡೆ. ಆದರೆ ಕೈ ತಾನಾಗಿ ಮುಂದಲೆಗೆ ಹೋಯಿತು. ಆ ಅವ್ವ ಎಷ್ಟೋ ವರ್ಷದ ಮೇಲೆ ಒಬ್ಬ ಗಾಡಿಯವನನ್ನು ಮದುವೆಯಾದಳೆಂದೂ, ಒಬ್ಬಳು ಮಗಳು ಹುಟ್ಟಿದಳೆಂದೂ, ಅವ್ವ ತೀರಿಹೋಗಿ ಬಹಳ ಕಾಲವಾದರೂ ಮಗಳು ಇನ್ನೂ ಇದ್ದಾಳೆಂದೂ ಮುದುಕರು ಹೇಳಿದರು. ಹೊಂಗಡಹಳ್ಳದ ಹತ್ತಿರ ಒಂದು ಎಸ್ಟೇಟಿನಲ್ಲಿ ಆಕೆಯ ಮಗ ಲೆಕ್ಕ ಬರೆಯುವ ರೈಟರ್.

ಭಾನುವಾರ ಬಿಸಿಲೆ ಕಡೆಯ ಬಸ್ಸು ಹತ್ತಿದೆ. ಗಂಡನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಕೇಳಿಕೊಂಡು ಕೇಳಿಕೊಂಡು ರೈಟರ್ ಮನೆ ಮುಟ್ಟಿ ಬಾಗಿಲು ತಟ್ಟಿದೆ. ತೆರೆದವಳು ಹೈಸ್ಕೂಲಿನ ವಯಸ್ಸಿನ ಹುಡುಗಿ. ಎರಡು ಜಡೆ, ಕೆಂಪು ಟೇಪು. ಬೈತಲೆಯ ಬುಡದಲ್ಲಿ ಬೆಳ್ಳಗೆ, ಯಾವ ಮರೆಯೂ ಇಲ್ಲದೆ, ನನ್ನದೇ ಗೊಂಚಲು.

ನಾವಿಬ್ಬರೂ ಒಬ್ಬರ ತಲೆಯನ್ನೊಬ್ಬರು ನೋಡುತ್ತ ನಿಂತೆವು. ಹುಡುಗಿ ಒಳಕ್ಕೆ ಕೂಗಿದಳು: "ಅಜ್ಜೀ, ಬಾ ಇಲ್ಲಿ. ನಮ್ ಥರಾನೇ ಒಬ್ರು ಬಂದವ್ರೆ."

ಅಜ್ಜಿ ಹಿಂದಿನ ಕಣದಿಂದ ಬಂದರು. ಕಾಫಿ ಹರಡುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಮುಖವನ್ನೂ ತಲೆಯನ್ನೂ ನೋಡಿ, "ಯಾವೂರವ್ವ ನಿಂದು?" ಎಂದರು. ಊರಿನ ಹೆಸರು ಹೇಳಿದೆ. ಅವರು ಹಾಗೇ ಹೊಸ್ತಿಲ ಮೇಲೆ ಕೂತುಬಿಟ್ಟರು.

ಅಲ್ಲೇ ಕೂತು ಹೇಳಿದ ಕತೆ ಇದು. ಗಂಡ ಸತ್ತ ಮೇಲೆ ಅವರ ಅವ್ವನ ಬಿಳಿ ಕೂದಲಿನ ಮೇಲೆ ತಪ್ಪು ಹೊರಿಸಿದರು. ಇವಳ ಕಾಲ್ಗುಣವೇ ಗಂಡನನ್ನು ತಿಂದದ್ದು ಎಂದು ಹೇಳಿ ಗಂಡನ ಅಣ್ಣ ಅವಳನ್ನು ತೌರಿಗೆ ಅಟ್ಟಿದ. ಮಗುವನ್ನು ಕೊಡಲಿಲ್ಲ, ಅದು ನಮ್ಮನೆ ಗಂಡುಸಂತಾನ ಎಂದ. ತೌರಲ್ಲಿ ಇದ್ದದ್ದು ಮುದಿ ತಾಯಿ ಒಬ್ಬಳೇ. ಮಗನನ್ನು ನೋಡಲೆಂದು ಹೋದಾಗೆಲ್ಲ ಅಂಗಳದಿಂದಲೇ ಓಡಿಸಿದರು.

"ಕೊನೇ ಸಲ ಹೋದಾಗ ಯಾರೂ ಓಡಿಸ್ಲಿಲ್ವಂತೆ," ಎಂದರು ಅಜ್ಜಿ. "ಭಾವ್ನೇ ಎದ್ದು ಬಂದು ಹಿತ್ಲಿಗೆ ಕರ್ಕೊಂಡ್ ಹೋದ್ನಂತೆ. ಒಂದು ಮಣ್ಣುಗುಡ್ಡೆ ತೋರ್ಸಿ, ಜ್ವರ ಬಂದು ಹೋಗ್ಬುಡ್ತು ನಿನ್ ಮಗ ಅಂದ. ನಮ್ಮವ್ವ ಆ ಮಣ್ಣಿಗೆ ನೀರು ಬಿಟ್ಟು, ವಿಭೂತಿ ಹಚ್ಚಿ, ಅಲ್ಲಿಂದ ತಿರುಗಿ ನೋಡ್ದೆ ಬಂದ್ಬುಟ್ಲು. ಉಪ್ಪಿನ ಗಾಡಿಯೋರ ಜೊತೆ ಘಟ್ಟದ ತುದಿಗೆ ಬಂದೋಳು ಅಲ್ಲೇ ನಿಂತ್ಲು."

ತಾಯಿಗೆ ಮಗ ಸತ್ತನೆಂದು ಹೇಳಿ, ಮಗನಿಗೆ ತಾಯಿ ಸತ್ತಳೆಂದು ಹೇಳಿ, ನಡುವೆ ಒಬ್ಬ ಮನುಷ್ಯ ನೆಮ್ಮದಿಯಾಗಿ ಯಜಮಾನಿಕೆ ಮಾಡಿಕೊಂಡಿದ್ದ. ಒಬ್ಬರಿಂದೊಬ್ಬರು ಒಂದು ದಿನದ ಗಾಡಿದಾರಿಯಷ್ಟು ದೂರದಲ್ಲಿ ಅವರಿಬ್ಬರೂ ಬದುಕಿದ್ದರು.

"ಅಜ್ಜಿ," ಎಂದೆ, "ಆ ಮಗು ಸತ್ತಿಲ್ಲ. ನಮ್ಮ ತಾತ ಅವನು. ಇವತ್ತು ಬೆಳಿಗ್ಗೆ ರಾಗಿ ರೊಟ್ಟಿ ತಿಂದು ಹೊಲಕ್ಕೆ ಹೋಗಿರ್ತಾನೆ."

ಅಜ್ಜಿ ಅಳಲಿಲ್ಲ. ಎದ್ದು ನಿಂತು, ಒಳಗಿದ್ದ ಮಗನಿಗೆ ಹೇಳಿದರು: "ಜೀಪು ತೆಗಿಯೋ."

ತಾತನಿಗೆ ಮೊದಲು ನಾನು ಹೋಗಿ ಹೇಳುತ್ತೇನೆ, ಮುಂದಿನ ವಾರ ಬನ್ನಿ ಎಂದೆ. "ಮುಂದಿನ ವಾರ ಯಾರ್ ಇರ್ತಾರೋ ಯಾರ್ ಇರಲ್ವೋ," ಎಂದು ಅಜ್ಜಿ ಸೀರೆ ಬದಲಾಯಿಸಲು ಒಳಗೆ ಹೋಗಿಯಾಗಿತ್ತು. ಎಸ್ಟೇಟಿನ ಜೀಪಿನಲ್ಲಿ ಸಕಲೇಶಪುರ ದಾಟಿ, ಆಲೂರಿನ ಮೇಲೆ ಹೊಸಕೋಟೆ ಕಡೆಗೆ ತಿರುಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ದಾರಿಯುದ್ದಕ್ಕೂ ಅಜ್ಜಿ ನನ್ನ ಕೈ ಬಿಡಲಿಲ್ಲ. ಅಣ್ಣನಿಗೆ ಹಲ್ಲಿದೆಯೇ, ಕಣ್ಣು ಕಾಣುತ್ತದೆಯೇ, ಸಿಟ್ಟು ಜಾಸ್ತಿಯೇ ಎಂದು ಕೇಳುತ್ತಲೇ ಇದ್ದರು.

ತಾತ ಜಗಲಿಯಲ್ಲಿ ಕೂತು ಬುಟ್ಟಿಗೆಂದು ಬಿದಿರು ಸೀಳುತ್ತಿದ್ದ. ಜೀಪಿನಿಂದ ಇಳಿದ ಅಜ್ಜಿ ನೇರವಾಗಿ ಅವನ ಬಳಿ ಹೋದರು. ಅವನ ಎಡಗೈ ಹಿಡಿದು ಅಂಗಿಯ ತೋಳನ್ನು ಮೊಣಕೈ ತನಕ ಸರಿಸಿದರು. ಅಲ್ಲಿ ಒಂದು ಹಳೆಯ ಸುಟ್ಟ ಕಲೆ, ಎಲೆಯಾಕಾರದ್ದು. ನಾವೆಲ್ಲ ದಿನಾ ಕಂಡದ್ದೇ. ಅದು ಹೇಗಾಯಿತು ಎಂದು ತಾತನಿಗೂ ಗೊತ್ತಿರಲಿಲ್ಲ. ಹೇಳುವವರು ಯಾರೂ ಇರಲಿಲ್ಲ.

"ಹಾಲು ಕಾಯ್ತಿತ್ತು," ಎಂದರು ಅಜ್ಜಿ. "ನೀನು ಅಂಬೆಗಾಲು ಇಟ್ಕೊಂಡು ಬಂದು ಮಡಕೆ ಎಳ್ಕೊಂಡೆ. ಅವ್ವ ರಾತ್ರಿಯೆಲ್ಲ ನಿನ್ನ ಎತ್ಕೊಂಡು ಜೇನು ಹಚ್ತಾ ಕೂತಿದ್ಲಂತೆ. ಸಾಯೋಗಂಟ ಹೇಳೋಳು, ನನ್ ಮಗನ ಕೈ ಮೇಲೆ ಎಲೆ ಐತೆ ಅಂತ."

ತಾತನ ಕೈಯಿಂದ ಬಿದಿರು ಜಾರಿತು. ಅಷ್ಟು ಹೊತ್ತಿಗೆ ಅಪ್ಪ, ಅವ್ವ, ತಮ್ಮ ಎಲ್ಲ ಹೊರಗೆ ಬಂದಿದ್ದರು. ನಾನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಹೇಳಿದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನನ್ನ ತಲೆಯನ್ನೇ ನೋಡುತ್ತಿದ್ದಳು. ತಾತ ಕೇಳಿದ್ದು ಒಂದೇ:

"ನಮ್ಮವ್ವ ಹೊಳೆಗೆ ಬೀಳ್ಲಿಲ್ವಾ?"

"ಹೊಳೆಗೆ ಬೀಳೋ ಹೆಂಗ್ಸಾ ಅವ್ಳು?" ಎಂದರು ಅಜ್ಜಿ. "ಘಟ್ಟದ ಗಾಡಿಯೋರಿಗೆಲ್ಲ ಬೈದು ಬುದ್ಧಿ ಹೇಳ್ತಿದ್ಲು. ತೀರಿಹೋದ ದಿನ ಅವ್ರೇ ಗಾಡಿ ಬಿಟ್ಟು ಹೊತ್ಕೊಂಡು ಹೋದ್ರು ಕಣಣ್ಣ. ಒಂದ್ ಗಾಡೀನೂ ಮುಂದಕ್ಕೆ ಹೋಗ್ಲಿಲ್ಲ."

ತಾತ ನಗತೊಡಗಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ನಗುತ್ತಿದ್ದ. ಅವನು ಹಾಗೆ ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಮೇಲೆ ಅಪ್ಪನ ಕಡೆ ತಿರುಗಿ, "ಪ್ರಾಯದಲ್ಲಿ ಎಷ್ಟ್ ಕೇಳ್ಕೊಂಡ್ರೂ ನಮ್ ದೊಡ್ಡಪ್ಪ ನನ್ನ ಘಟ್ಟದ ಕಡೆಗೆ ಗಾಡಿ ಕಟ್ಟೋಕೆ ಬಿಡ್ತಿರ್ಲಿಲ್ಲ ಕಣೋ," ಎಂದ. "ಹುಲಿ ಐತೆ ಅಂತಿದ್ದ. ಹುಲಿ ಯಾವ್ದು ಅಂತ ಈಗ ಗೊತ್ತಾಯ್ತು."

ಮಾತು ಕಡಿಮೆಯಿದ್ದ ಆ ಮನುಷ್ಯ ಮಾರನೆಯ ದಿನವೇ ಒಗೆದ ಪಂಚೆಯುಟ್ಟು ಹೊಸಕೋಟೆಗೆ ಹೋದ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಬಂದವರಿಗೆಲ್ಲ ಕತೆ ಹೇಳಿದ. ಆಲೂರಿನ ಬಸ್ಸಿಗೆ ಕಾಯುತ್ತಿದ್ದ, ಗುರುತಿಲ್ಲದವರನ್ನೂ ಬಿಡಲಿಲ್ಲ. ಸುದ್ದಿ ಊರು ತುಂಬಿತು. ಆ ದೊಡ್ಡಪ್ಪನ ಮೊಮ್ಮಗ, ಅಂದರೆ ಪಕ್ಕದ ಮನೆಯ ನಮ್ಮ ಚಿಕ್ಕಪ್ಪ, ಮುಖ ಕೆಂಪಗೆ ಮಾಡಿಕೊಂಡು ಬಂದ.

"ಸತ್ತೋರ ಮೇಲೆ ಈಗ್ಯಾಕೆ ತಪ್ಪು ಹೊರಸ್ತಾ ಇದೀರ ದೊಡ್ಡಯ್ಯ? ನಿಮ್ಮನ್ನ ಸಾಕ್ದೋನಲ್ವಾ ಅವ್ನು?"

ತಾತನಿಗೆ ಸಿಟ್ಟು ಬರಲಿಲ್ಲ. "ಸಾಕ್ದ, ಇಲ್ಲ ಅನ್ನಲ್ಲ," ಎಂದ. "ನಾನು ಯಾರ್ ಮೇಲೂ ಏನೂ ಹೊರಸ್ತಾ ಇಲ್ಲ ಮಾರಾಯ. ನಮ್ಮವ್ವನ ಮೇಲೆ ಹೊರ್ಸಿದ್ದನ್ನ ಇಳಿಸ್ತಾ ಇದೀನಿ, ಅಷ್ಟೆ."

ಚಿಕ್ಕಪ್ಪ ಹೊರಟುಹೋದ. ಕೆಲವು ತಿಂಗಳು ಮಾತು ನಿಂತಿತ್ತು. ಆಮೇಲೆ ಅವನೇ ಒಂದು ದಿನ ಬಂದು, ತನ್ನ ಅಪ್ಪ ಸಾಯುವ ಮುಂಚೆ ಹಿತ್ತಲಿನ ಆ ಗುಡ್ಡೆಯ ಬಗ್ಗೆ ಏನೋ ಗೊಣಗಿದ್ದ, ತನಗೆ ಆಗ ತಿಳಿಯಲಿಲ್ಲ ಎಂದ. ತಾತ ಅವನಿಗೆ ಕಾಫಿ ಕೊಡಿಸಿದ.

ಮುಂದಿನ ಬೇಸಿಗೆಯಲ್ಲಿ ನನ್ನ ತಮ್ಮನ ಮದುವೆ. ಹೊಂಗಡಹಳ್ಳದಿಂದ ಜೀಪುಗಳಲ್ಲಿ ಅಜ್ಜಿಯ ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಅವರ ಎಸ್ಟೇಟಿನ ಲೈನ್‌ಮನೆಗಳ ಅಕ್ಕಪಕ್ಕದವರು ಕೂಡ ಬಂದಿಳಿದರು. ಅರಿಶಿನ ಹಚ್ಚುವ ಹೊತ್ತು. ಮದುಮಗನಿಗೆ ಮೊದಲು ಹಚ್ಚಬೇಕಾದವಳು ಮನೆಯ ಹೆಣ್ಣುಮಗಳು. ತಾತ ಅಜ್ಜಿಯನ್ನು ಕರೆದ. ಅಜ್ಜಿ ಗೋಡೆಗೆ ಒರಗಿ ನಿಂತವರು ಕದಲಲಿಲ್ಲ.

"ನಾನು ಗಂಡ ಸತ್ತೋಳು ಕಣಣ್ಣ. ಬ್ಯಾರೆ ಯಾರಾದ್ರೂ ಹಚ್ಲಿ."

ಮನೆ ತುಂಬ ನೆಂಟರು. ತಾತ ಕೋಲೂರಿಕೊಂಡು ಎದ್ದ, ಅರಿಶಿನದ ಬಟ್ಟಲನ್ನು ತಾನೇ ತಂದು ತಂಗಿಯ ಕೈಗೆ ಕೊಟ್ಟ.

"ಅದನ್ನೇ ಹೇಳಿ ನಮ್ಮವ್ವನ್ನ ಈ ಅಂಗಳದಿಂದ ಆಚೆ ಹಾಕಿದ್ದು. ಇವತ್ತು ಅವಳ ಮಗಳು ಮೊದ್ಲು ಹಚ್ಬೇಕು. ಆಮೇಲೆ ಉಳ್ದೋರು."

ಅಜ್ಜಿ ಹಚ್ಚಿದರು. ತಮ್ಮನ ಕೆನ್ನೆ, ಕುತ್ತಿಗೆ, ಕೈ ಎಲ್ಲ ಹಳದಿಯಾಯಿತು. ಅವರ ಹಿಂದೆ ಬಟ್ಟಲಿಗೆ ಕೈ ಹಾಕಿದವಳು ಚಿಕ್ಕಪ್ಪನ ಹೆಂಡತಿ. ಅವಳ ಹಿಂದೆ ಅವ್ವ. ಹೆಂಗಸರು ಸೋಬಾನೆ ಎತ್ತಿಕೊಂಡರು.

ಊಟವಾದ ಮೇಲೆ ಆಲೂರಿನಿಂದ ಬಂದಿದ್ದ ಫೋಟೋದವನು ಗಂಡಿನ ಕಡೆಯವರೆಲ್ಲ ಬನ್ನಿ ಎಂದು ಕೂಗಿದ. ಎಲ್ಲರೂ ಬಂದೆವು. ಅವನು ಕ್ಯಾಮೆರಾ ಹಿಡಿದು ಹಿಂದಕ್ಕೆ ಹೋದ, ಇನ್ನೂ ಹಿಂದಕ್ಕೆ ಹೋದ, ಕಣದ ಅಂಚಿನ ಹುಲ್ಲಿನ ಬಣವೆಗೆ ಬೆನ್ನು ತಾಗಿ ನಿಂತ. "ಅರ್ಧ ಜನ ಕೂತ್ಕೊಳ್ರಪ್ಪ, ಹಿಡಿಸ್ತಾ ಇಲ್ಲ," ಎಂದ. ನಡುವಿನ ಕುರ್ಚಿಯಲ್ಲಿ ತಂಗಿಯ ಪಕ್ಕ ಕೂತಿದ್ದ ತಾತ ಗಟ್ಟಿಯಾಗಿ ಹೇಳಿದ: "ಯಾರೂ ಕೂತ್ಕೋಬ್ಯಾಡಿ. ಬಣವೆ ಹತ್ತಿ ತೆಗಿ ಅಂತ ಹೇಳ್ರೋ ಅವನಿಗೆ."

ಅವನು ಬಣವೆ ಹತ್ತಿಯೇ ತೆಗೆದ.